ಬದುಕಿದ್ದ ಸಾಫ್ತಜ್ಜಿಯನ್ನು ಸತ್ತವರಲ್ಲಿ ಸೇರಿಸಿದ ಫೈಲು

ಭಾನುವಾರ ಪ್ರಿಸಾಕಾ ಊರಿನ ಚರ್ಚಿನಲ್ಲಿ ಬದುಕಿದ್ದವರಿಗೂ ಸತ್ತವರಿಗೂ ಬೇರೆ ಬೇರೆಯಾಗಿ ಹೆಸರು ಹಿಡಿದು ಪ್ರಾರ್ಥಿಸುವಾಗ, ಪಾದ್ರಿ ನೆಕುಲಾಯ್ ಸತ್ತವರ ಹೆಸರುಗಳನ್ನು ಒಂದೇ ಉಸಿರಿಗೆ ಓದುತ್ತಾ "ಸಾಫ್ತಾ" ಎಂದುಬಿಟ್ಟರು. ಊರಿಗೆಲ್ಲ ಆ ಹೆಸರಿನವಳು ಒಬ್ಬಳೇ, ಅವರ ಸ್ವಂತ ಅಮ್ಮ. ಮುಂದಿನ ಸಾಲಿನಲ್ಲೇ ಕೂತಿದ್ದಳು!

ಅಜ್ಜಿ ಮನೆಗೆ ಬಂದವಳೇ ಹಾಸಿಗೆ ಹಿಡಿದಳು. ಮೆಕ್ಕೆಜೋಳದ ಹಿಟ್ಟಿನ ಮುದ್ದೆ ಮಾಮಲೀಗ ಬೇಯಿಸಿಕೊಟ್ಟರೆ ಮುಟ್ಟಲಿಲ್ಲ. "ದೇವರ ಮುಂದೆ ಓದಿ ಆಯ್ತಲ್ಲ, ಇನ್ನೇನಿದೆ? ಬರೆದವಳು ಸೊಸೆ. ಅವಳ ಆಸೆ ತೀರಲಿ" ಎಂದು ಗೋಡೆ ಕಡೆ ತಿರುಗಿದಳು.

ಸೊಸೆ, ಅಂದರೆ ಪಾದ್ರಿಯ ಹೆಂಡತಿ ಸ್ಮರಾಂದಾಗೆ ಮೈಯೆಲ್ಲ ಉರಿದುಹೋಯಿತು. ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿದವಳು ಅವಳೇ ನಿಜ, ಆದರೆ ಅತ್ತೆಯನ್ನು ಬದುಕಿದ್ದವರಲ್ಲೇ ಬರೆದಿದ್ದಳು. ಈಗ ಫೈಲು ತೆರೆದರೆ ಅರ್ಧ ಊರೇ ಸತ್ತಿತ್ತು.

"ಯಾರೋ ಇದನ್ನ ಮುಟ್ಟಿದ್ದು?"

"ನಾನು ಬರೀ ನೋಡಿದೆ ಕಣಮ್ಮಾ" ಎಂದ ಚರ್ಚಿನ ಹಾಡುಗಾರ ಕೊಸ್ತಾಕೆ. "ಮರಿಯಾ ಅನ್ನೋ ಹೆಸರಿನವರು ಎಷ್ಟಿದ್ದಾರೆ ಅಂತ ಹೆಸರುಗಳನ್ನ ಅಕ್ಷರದ ಪ್ರಕಾರ ಜೋಡಿಸಿದೆ."

"ಹೆಸರು ಮಾತ್ರ? ಪಕ್ಕದ 'ಬದುಕಿದ್ದಾರೆ, ಸತ್ತಿದ್ದಾರೆ' ಅನ್ನೋ ಕಾಲಂ ಕದಲಲೇ ಇಲ್ವಲ್ಲೋ ಮಹಾರಾಯ!"

"ನಾನೇನು ಉಳಿಸೋ ಗುಂಡಿ ಒತ್ತಿದ್ನಾ? ನಿಮ್ಮ ಕಂಪ್ಯೂಟರಿಗೇ ದೆವ್ವ ಹಿಡಿದಿದೆ."

ಸ್ಮರಾಂದಾ ಗ್ರಂಥಾಲಯದ ಓತೀಲಿಯಾಳನ್ನು ಕರೆಸಿದಳು. ಅವಳು ನೋಡಿ ನಕ್ಕಳು. "ದೆವ್ವ ಅಲ್ಲ, ಮ್ಯಾಕ್ರೊ. ಫೈಲು ಮುಚ್ಚುವಾಗ ತಾನಾಗೇ ನಡೆಯೋ ಆಜ್ಞೆ. ಯಜಮಾನರು ಉಳಿಸೋಕೆ ಮರೀತಾರೆ ಅಂತ ನೀನೇ ಹಾಕಿಸ್ಕೊಂಡೆ. ಅದು ಸರಿನೂ ಉಳಿಸುತ್ತೆ, ತಪ್ಪನ್ನೂ ಉಳಿಸುತ್ತೆ, ಯಾರನ್ನೂ ಕೇಳಲ್ಲ."

"ಕಿತ್ತು ಬಿಸಾಕು ಅದನ್ನ!"

"ಕಿತ್ತರೆ ಅವರು ಮತ್ತೆ ಮರೀತಾರೆ. ಕೇಳಿ ಉಳಿಸೋದನ್ನ ಅದಕ್ಕೆ ಕಲಿಸೋಣ."

ಓತೀಲಿಯಾ ತನ್ನ ಬಳಿಯಿದ್ದ ಹಳೆಯ ನಕಲಿನಿಂದ ಪಟ್ಟಿಯನ್ನು ಸರಿಮಾಡಿದಳು. ಉಳಿಸಲೇ, ಬೇಡವೇ, ಮುಚ್ಚುವುದನ್ನೇ ನಿಲ್ಲಿಸಲೇ ಎಂದು ಫೈಲು ಕೇಳುವಂತೆ ಮ್ಯಾಕ್ರೊ ತಿದ್ದಿದಳು. ಇನ್ನೊಂದು ನಕಲಿನ ಮೇಲೆ ಕೊಸ್ತಾಕೆಯಿಂದಲೇ ಪರೀಕ್ಷೆ ಮಾಡಿಸಿದಳು. ಅವನು ಏನೇನೋ ಕೆಡಿಸಿ "ಬೇಡ" ಒತ್ತಿದ. ಮತ್ತೆ ತೆರೆದರೆ ಪಟ್ಟಿ ಇದ್ದ ಹಾಗೇ ಇತ್ತು.

"ಮೊದಲೇ ಹೀಗೆ ಕೇಳಿದ್ರೆ ನಾನ್ಯಾಕೆ ಬೈಸ್ಕೊಳ್ತಿದ್ದೆ?" ಎಂದು ಗೊಣಗಿದ.

ಮುಂದಿನ ಭಾನುವಾರ ಸ್ಮರಾಂದಾ ಅತ್ತೆಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಚರ್ಚಿಗೆ ಹೋದಳು. ಬದುಕಿದ್ದವರ ಹೆಸರು ಓದುವಾಗ ಪಾದ್ರಿ ನಿಧಾನವಾಗಿ "ಸಾಫ್ತಾ" ಎಂದರು. ಅಜ್ಜಿ ಎದ್ದು ನಿಂತಳು.

"ಇನ್ನೊಂದ್ಸಲ ಓದೋ ಮಗನೇ. ನನ್ನ ಸೊಸೆ ಸರಿಯಾಗೇ ಬರೆದಿದ್ದಾಳೆ, ಎಲ್ಲರೂ ಕೇಳಿಸಿಕೊಳ್ಳಲಿ!"

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಸಂಘದ ಫೈಲು ಮುಚ್ಚುವಾಗ ನಿಮ್ಮನ್ನು ಕೇಳುತ್ತದೆಯೇ? ಇವತ್ತೇ ಅದರ ನಕಲು ಮಾಡಿ, ಬೇಕೆಂದೇ ಒಂದು ತಪ್ಪು ಬರೆದು, ಮುಚ್ಚಿ ತೆರೆದು ನೋಡಿ. ಕೇಳದೆಯೇ ಆ ತಪ್ಪು ಒಳಗೆ ಕೂತಿದ್ದರೆ, ಅದು ನಿಮ್ಮ ಮನೆಯವರನ್ನು ಸಾಯಿಸುವ ಮೊದಲು ಸರಿಮಾಡಿಸಿ.