ಕೇಳಿದರೆ ಮಾತ್ರ ಮೂರನೇ ಚರಣ

ಎಗೋನ್ ಪ್ರಾಂಟ್ಲರ್ ಎಂಬ ವಿಯೆನ್ನಾದ ಹಿರಿಯರೊಬ್ಬರು ವಿಮಾನ ನಿಲ್ದಾಣದ ಪಕ್ಕದ ಡಚ್ ಊರು ಬಾಡ್‌ಹೂವೆಡಾರ್ಪಿನಲ್ಲಿ ನಮ್ಮ ಮನೆಯಿಂದ ಎರಡು ಬೀದಿ ಆಚೆ ಇದ್ದಾರೆ. ಒಂದು ಕಾಲದಲ್ಲಿ ಅವರ ಸಂಗೀತ ನಾಟಕಗಳಿಗೆ ಆಸ್ಟ್ರಿಯಾದ ಜನ ಮುಗಿಬೀಳುತ್ತಿದ್ದರಂತೆ. "ಪಂಡಿತರು ಪೇಪರಿನಲ್ಲಿ ನನ್ನನ್ನು ಬೈಯುತ್ತಿದ್ದರು, ಸ್ನಾನದ ಮನೆಯಲ್ಲಿ ನನ್ನ ಹಾಡನ್ನೇ ಹಾಡುತ್ತಿದ್ದರು" ಎಂದು ಅವರೇ ಹೇಳಿಕೊಳ್ಳುತ್ತಾರೆ. ಜಂಬಕ್ಕೇನೂ ಕೊರತೆಯಿಲ್ಲ. ತಮ್ಮ ನಾಟಕದ ನಾಯಕಿ, ಡಚ್ ಹುಡುಗಿ ಆನೆಲೀಸಳನ್ನು ಮದುವೆಯಾಗಿ, ಮುಪ್ಪಿನಲ್ಲಿ ಆಕೆಯ ಊರಿಗೆ ಬಂದವರು. ಆಕೆ ಈಗಿಲ್ಲ. ಇವರು ಮೇಲೆ ಹಾರುವ ವಿಮಾನ ಯಾವ ಸ್ವರದಲ್ಲಿ ಗುಂಯ್‌ಗುಟ್ಟಿತೆಂದು ಹೇಳಿಕೊಂಡು ಕಿಟಕಿಯ ಬಳಿ ಕೂತಿರುತ್ತಾರೆ.

ಈ ವರ್ಷ ಊರಿನ ಹಾಡುಗಾರರ ಸಂಘ ಅವರ ಹಳೆಯ ನಾಟಕ 'ದೋಣಿಯವನ ಮಗಳು' ಎತ್ತಿಕೊಂಡಿತು. ಮಗಳು ನಾನು, ಮೈಸೂರಿನ ಸ್ಮೃತಿ. ಪ್ರತಿಭೆ ನೋಡಿ ಆರಿಸಿದರು ಎಂದುಕೊಳ್ಳಬೇಡಿ. ಸಂಘದಲ್ಲಿ ಉಳಿದವರೆಲ್ಲ ಅಜ್ಜಿಯರು.

ಕೊನೆಯ ದೃಶ್ಯದಲ್ಲಿ ಹುಡುಗಿ ಕೊಡೆ ಹಿಡಿದು ಡ್ಯಾನ್ಯೂಬ್ ನದಿಯಲ್ಲಿ ದೋಣಿ ಹತ್ತಿ, ಪ್ರಿಯಕರನಿಗೆ ವಿದಾಯ ಹಾಡಿ ಹೋಗಿಬಿಡುತ್ತಾಳೆ. ಹಾಡಿಗೆ ಎರಡು ಚರಣ. ಮೂರನೆಯದೂ ಒಂದಿದೆ, ಆದರೆ ಜನ ಮತ್ತೆ ಹಾಡು ಎಂದು ಕೂಗಿದರೆ ಮಾತ್ರ ಅದನ್ನು ಹಾಡಬೇಕು. ಆಗ ಹುಡುಗಿ ದಡಕ್ಕೆ ವಾಪಸ್ಸು ಬಂದು, 'ಕೊಡೆ ಮರೆತೆನೆಂದು ಬಂದೆ, ನೋಡಿದರೆ ಕೊಡೆ ಕೈಯಲ್ಲೇ ಇದೆ' ಎಂದು ಹಾಡಿ ಅವನೊಡನೆ ಉಳಿದುಬಿಡುತ್ತಾಳೆ.

"ಅದನ್ನು ಕಡೆಯ ಸಲ ಆನೆಲೀಸ್ ಹಾಡಿದಳು. ಸಾಯುವುದರೊಳಗೆ ಇನ್ನೊಮ್ಮೆ ಕೇಳಬೇಕು" ಎಂದರು ಪ್ರಾಂಟ್ಲರ್.

ಅಲ್ಲೇ ಹಾಡಿ ತೋರಿಸಲು ನಾನು ಗಂಟಲು ಸರಿ ಮಾಡಿಕೊಂಡೆ. ಅವರು ಕೈ ಅಡ್ಡ ಹಿಡಿದರು. ಯಾರೂ ಕೇಳದೆ ಹಾಡುವ ಚರಣವಲ್ಲವಂತೆ ಅದು.

ನಮ್ಮ ನಿರ್ದೇಶಕ ವೌಟರ್‌ಗೆ ಇದರ ಚಿಂತೆಯೇ ಇರಲಿಲ್ಲ. "ಜನ ಕೇಳಿದರೆ ಹಾಡು. ಕೇಳುವುದಿಲ್ಲ ಬಿಡು. ಐದಕ್ಕೆ ಬಿಂಗೋ ಆಟದವರಿಗೆ ಹಾಲ್ ಬಿಟ್ಟುಕೊಡಬೇಕು." ಆತ ಹೇಳಿದ್ದೂ ನಿಜ. ಇಲ್ಲಿನ ಜನ ಎಂಥ ನಾಟಕಕ್ಕೂ ಕೊನೆಯಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ನಡುವೆ ಬಾಯಿ ಬಿಡುವುದಿಲ್ಲ.

"ನಾನೇ ಪರದೆ ಹಿಂದೆಯಿಂದ ಕೂಗ್ಬಿಡ್ಲಾ?" ಎಂದ ನನ್ನ ಗಂಡ ಚೇತನ್. ದೋಣಿಯ ಹಗ್ಗ ಎಳೆಯುವ ಕೆಲಸ ಅವನದು. ಆ ಉಪಾಯ ಪ್ರಾಂಟ್ಲರ್ ಕಿವಿಗೆ ಬಿದ್ದು ಅವರು ಕೆಂಡವಾದರು. "ನಮ್ಮ ಕಾಲದಲ್ಲೂ ಕೂಲಿಗೆ ಚಪ್ಪಾಳೆ ತಟ್ಟುವವರಿದ್ದರು. ನಿನ್ನ ಗಂಡನೂ ಅದೇ ಜಾತಿ" ಎಂದರು.

ಅಷ್ಟರಲ್ಲಿ ಮೈಸೂರಿನಿಂದ ಅಪ್ಪ ಬಂದಿಳಿದರು. ನನ್ನಪ್ಪ ಅನಂತರಾಮ ಹರೆಯವಿಡೀ ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸಿದವರು. ಹಾಡು ಹಿಡಿಸಿದರೆ ಎಲ್ಲಿದ್ದೇನೆಂಬ ಪರಿವೆಯೇ ಅವರಿಗಿಲ್ಲ. ಮೂರನೇ ಚರಣದ ಸುದ್ದಿ ನಾನು ಎತ್ತಲೇ ಇಲ್ಲ, ಎತ್ತಿದ್ದರೆ ಅವರೂ ಕೂಲಿಯವರ ಸಾಲಿಗೆ ಸೇರುತ್ತಿದ್ದರು. ಮೇಲಾಗಿ ಅವರು ಮೊದಲ ಹಾಡಿಗೇ ಕೂಗಲು ಶುರು ಹಚ್ಚಿಕೊಂಡರೆ ವೌಟರ್ ಬಿಂಗೋ ಭಯದಲ್ಲಿ ನನ್ನ ಹಾಡನ್ನೇ ಕತ್ತರಿಸಿಬಿಡುತ್ತಿದ್ದ.

"ಅಪ್ಪಾ, ಇದು ನಿಮ್ಮ ಕಂಪನಿ ಥಿಯೇಟರ್ ಅಲ್ಲ. ಬಾಯಿ ಬಿಟ್ರೆ ಮುಂದಿನ ಬಸ್ಸಿಗೆ ಮನೆಗೆ ಕಳಿಸ್ತೀನಿ" ಎಂದು ಗದರಿಸಿ ಹಿಂದಿನ ಸಾಲಿನಲ್ಲಿ ಕೂರಿಸಿದೆ.

ಭಾನುವಾರ ಮಧ್ಯಾಹ್ನದ ಆಟ. ಅಪ್ಪ ತುಟಿಪಿಟಕ್ಕೆನ್ನಲಿಲ್ಲ. ನನ್ನ ಎರಡು ಚರಣ ಮುಗಿದವು. ಚೇತನ್ ಹಗ್ಗ ಎಳೆದ, ಚಕ್ರದ ದೋಣಿ ಕಿರ್ರೆನ್ನುತ್ತ ಹೊರಟಿತು. ಹಾಲ್ ತುಂಬ ಮರ್ಯಾದೆಯ ಮೌನ. ಮುಂದಿನ ಸಾಲಿನಲ್ಲಿ ಪ್ರಾಂಟ್ಲರ್ ತಲೆ ತಗ್ಗಿಸಿ ಕೂತಿದ್ದರು. ನನಗೆ ಅಳು ಬಂತು.

"ಒನ್ಸ್ ಮೋರ್!"

ಹಿಂದಿನ ಸಾಲಿನಿಂದ ಅಪ್ಪನ ದನಿ. ಅರ್ಧ ದೋಣಿ ಆಗಲೇ ಪರದೆಯೊಳಗೆ ಹೋಗಿತ್ತು. ಹಗ್ಗ ಇದ್ದದ್ದು ಒಂದೇ ಕಡೆಗೆ, ಹಿಂದಕ್ಕೆ ಬರುವ ಏರ್ಪಾಡೇ ಇಲ್ಲ. ನಾನು ಲಂಗ ಎತ್ತಿಕೊಂಡು ನೇರ ಡ್ಯಾನ್ಯೂಬ್ ನದಿಗೇ ಇಳಿದು, ನೀಲಿ ಬಟ್ಟೆಯ ಮೇಲೆ ದಡಕ್ಕೆ ನಡೆದೆ. ಜನ ಬಿದ್ದು ಬಿದ್ದು ನಕ್ಕರು. ವೌಟರ್ ಗಡಿಯಾರ ನೋಡಿದ. ಯಾವುದೋ ಡಚ್ ಅಜ್ಜಿಯೂ "ಒನ್ಸ್ ಮೋರ್!" ಎಂದಿತು. ಪಿಯಾನೋ ದನಿ ಎದ್ದಿತು, ನಾನು ಕೊಡೆ ಬಿಚ್ಚಿ ಹಾಡಿದೆ. ಪ್ರಾಂಟ್ಲರ್ ತುಟಿಗಳು ನನ್ನ ಜೊತೆಗೇ ಅಲುಗುತ್ತಿದ್ದವು.

ಆಟ ಮುಗಿದು ಬಿಂಗೋದವರು ಕುರ್ಚಿ ಎಳೆಯುತ್ತಿದ್ದಾಗ ಪ್ರಾಂಟ್ಲರ್ ಕೋಲೂರಿಕೊಂಡು ಸೀದಾ ಅಪ್ಪನ ಬಳಿ ಬಂದರು.

"ಯಾರಿವರು?"

"ನಮ್ಮಪ್ಪ" ಎಂದೆ.

ಅವರ ಮುಖ ಬಾಡಿತು. "ಓ. ಹಾಗಾದರೆ ನೀನೇ ಹೇಳಿ ಕೂಗಿಸಿದ್ದು."

ಆ ಇಂಗ್ಲಿಷು ಅಪ್ಪನಿಗೆ ಹತ್ತಲಿಲ್ಲ, ಕನ್ನಡದಲ್ಲಿ ಹೇಳಿದೆ. ಅಪ್ಪ ಸಿಡಿದರು.

"ಇವ್ಳು ಹೇಳ್ಕೊಟ್ಟಿದ್ದಾ? ಬಾಯಿ ಬಿಟ್ರೆ ಬಸ್ ಹತ್ತಿಸ್ತೀನಿ ಅಂತ ಹೆತ್ತಪ್ಪನ್ನೇ ಹೆದರ್ಸಿ ಕೂರ್ಸಿದ್ಳು ಸ್ವಾಮೀ! ಎಲ್ಲಾ ಹಾಡಿಗೂ ತಡ್ಕೊಂಡೆ. ಅದೊಂದಕ್ಕೆ ಆಗ್ಲಿಲ್ಲ. ಏನಾರ ಮಾಡ್ಕೊಳ್ಲಿ, ಬಸ್ಸೇ ಹತ್ತಿಸ್ಲಿ!"

ನನ್ನ ಮಾನವನ್ನು ನಾನೇ ಹರಾಜು ಹಾಕಿಕೊಂಡು, ಒಂದು ಮಾತೂ ಬಿಡದೆ ಪ್ರಾಂಟ್ಲರ್‌ಗೆ ಇಂಗ್ಲಿಷಿನಲ್ಲಿ ಒಪ್ಪಿಸಿದೆ. ಅಷ್ಟು ಖುಷಿಯಿಂದ ನಾನು ಯಾವ ಹಾಡನ್ನೂ ಹಾಡಿಲ್ಲ.

ಪ್ರಾಂಟ್ಲರ್ ಅಪ್ಪನ ಕೈ ಹಿಡಿದುಕೊಂಡರು. ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ. ನನ್ನ ಕಡೆ ತಿರುಗಿ, "ಒನ್ಸ್ ಮೋರ್" ಎಂದರು.

ನಾನು ಅಪ್ಪನ ಮಾತನ್ನು ಮೊದಲಿನಿಂದ ಮತ್ತೆ ಹೇಳಿದೆ.