ಬಾಣದ ಸ್ಟಿಕ್ಕರ್

ನನ್ನ ವಾರಗಿತ್ತಿ ಶಿವಲಕ್ಷ್ಮಿ ಎದೆಯಲ್ಲಿ ಗಂಟು ಇಟ್ಟುಕೊಂಡು ಎರಡು ತಿಂಗಳಿಂದ ಸುಮ್ಮನಿದ್ದಳು. ಸ್ನಾನ ಮಾಡುವಾಗ ಕೈಗೆ ಸಿಕ್ಕಿತ್ತಂತೆ. ನನಗೊಬ್ಬಳಿಗೇ ಹೇಳಿ, ಬಾಯಿ ಬಿಡಬಾರದೆಂದು ತನ್ನ ಮಗಳು ಸ್ವಪ್ನಾಳ ಮೇಲೆ ಆಣೆ ಹಾಕಿಸಿಕೊಂಡಿದ್ದಳು. ಗುಟ್ಟು ಮುಚ್ಚಿಡಲು ರಾಯದುರ್ಗದಲ್ಲಿ ಆಕೆಗೆ ನನ್ನ ಬಿಟ್ಟು ಬೇರೆ ಯಾರೂ ಸಿಗಲಿಲ್ಲವೇ! ಗುಟ್ಟು ಹೊಟ್ಟೆಯಲ್ಲಿದ್ದರೆ ನನಗೆ ಮುದ್ದೆ ಇಳಿಯುವುದಿಲ್ಲ.

"ನಡಿ ಅಕ್ಕಾ, ಬಳ್ಳಾರಿಗೆ ಹೋಗಿ ತೋರ್ಸೋಣು" ಎಂದರೆ ಒಂದೇ ಮಾತು.

"ಸುಮ್ಕಿರೇ ಶಂಕ್ರಿ. ಡಿ. ಹಿರೇಹಾಳ್‌ನಾಗ ಆ ರೋಗ ಬಂದಾಕಿ ಮನ್ಯಾಗ ಜನ ನೀರು ಸೈತ ಕುಡಿಯಂಗಿಲ್ಲ. ನಾಳೆ ಸ್ವಪ್ನಾನ್ನ ಯಾರು ಮಾಡ್ಕೊಂತಾರ?"

ನಾವಿಬ್ಬರೂ ಕಲ್ಲೇಶಪ್ಪನ ಜೀನ್ಸ್ ಶೆಡ್ಡಿನಲ್ಲಿ ಕೆಲಸ ಮಾಡುವವರು. ನಾನು ಮಷೀನಿಗೆ, ಆಕೆ ಚೆಕಿಂಗಿಗೆ. ಮಾತಾಡುತ್ತಲೇ ಪ್ಯಾಂಟಿನ ಮೇಲೆ ಕೈಯಾಡಿಸುತ್ತಾಳೆ. ಎಲ್ಲಿ ಹೊಲಿಗೆ ಬಿಟ್ಟಿದೆಯೋ ಅಲ್ಲಿಗೆ ಕೆಂಪು ಬಾಣದ ಸ್ಟಿಕ್ಕರ್ ಅಂಟಿಸಿ, "ಆಲ್ಟರ್!" ಎಂದು ತಿದ್ದುವ ರಾಶಿಗೆ ಬಿಸಾಡುತ್ತಾಳೆ. ಆ ಬೆರಳು ತಪ್ಪಿಸಿಕೊಂಡು ಕೆಟ್ಟ ಪೀಸು ಹೋದದ್ದು ನಾನಂತೂ ನೋಡಿಲ್ಲ. ಊರಿನ ಪ್ಯಾಂಟಿಗೆಲ್ಲ ಬಾಣ ಹಚ್ಚುವವಳು ತನ್ನದಕ್ಕೆ ಹಚ್ಚಬಾರದೇ? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ವನಿತಾ ಬಂದರು. ಮುಂದಿನ ವಾರ ಶೆಡ್ಡಿನಲ್ಲೇ ಊಟದ ಹೊತ್ತಿಗೆ ಸ್ತನ ಕ್ಯಾನ್ಸರಿನ ಬಗ್ಗೆ ತಿಳಿಸಿ ಹೇಳುತ್ತಾರಂತೆ. ಕೈಯಿಂದ ಮುಟ್ಟಿ ಕಲಿಯಲು ಬಟ್ಟೆಯ ಮಾದರಿ ಇದ್ದಿದ್ದರೆ ಒಳ್ಳೆಯದಿತ್ತು ಎಂದರು.

"ಅಷ್ಟ ಏನ್ರಿ ಮೇಡಂ? ನಾವು ಹುಟ್ಟಿದ್ದ ಬಟ್ಟ್ಯಾಗ ರೀ!" ಎಂದು ನಾನು ಜಂಬ ಕೊಚ್ಚಿಕೊಂಡೆ.

ನಾನೂ ಪಕ್ಕದ ಮಷೀನಿನ ಎರ್ರಮ್ಮನೂ ಸೇರಿ ನಾಲ್ಕು ಹೊಲಿದೆವು. ಜೀನ್ಸ್ ಬಟ್ಟೆ, ಡಬಲ್ ಹೊಲಿಗೆ, ಒಳಗೆ ಗಂಟಿನ ಬದಲು ಗುಂಡಿ. ಕೈ ರೂಢಿಗೆ ಎರ್ರಮ್ಮ ಒಂದಕ್ಕೆ ಹಿಂದಿನ ಜೇಬನ್ನೂ ಹಚ್ಚಿಬಿಟ್ಟಳು. ಮಧ್ಯಾಹ್ನ ನೋಡುತ್ತೇನೆ, ಕಲ್ಲೇಶಪ್ಪ ಅದನ್ನೇ ಬೆನ್ನಿಗೆ ಒತ್ತಿಕೊಂಡು ಕುರ್ಚಿಯಲ್ಲಿ ಕೂತಿದ್ದಾನೆ.

"ಛಲೋ ದಿಂಬು ಅದಾವಲ್ಲ ಶಂಕ್ರಮ್ಮಾ! ಬೆಂಗಳೂರಿಗೆ ಸ್ಯಾಂಪಲ್ ಕಳಸ್ಲಾ?"

"ತಗಿರಿ ಅದನ್ನ! ಏನಂತ ಕೇಳಿದ್ರ ನೀವ ನಾಚ್ಕೊಂತೀರಿ!" ಎಂದು ಕಿತ್ತುಕೊಂಡು, ಏನೆಂದೂ ಹೇಳಿದೆ. ಪುಣ್ಯಾತ್ಮ ಆಮೇಲೆ ಎರಡು ದಿನ ನಮ್ಮ ಸಾಲಿನ ಕಡೆ ತಲೆಹಾಕಲಿಲ್ಲ.

ವನಿತಾ ಮೇಡಂ ಒತ್ತಿ ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಇದ್ರಾಗ ಕಲ್ಲಿಟ್ರೂ ಗೊತ್ತಾಗಂಗಿಲ್ರೀ!" ನಿಜವೇ, ಅಷ್ಟು ದಪ್ಪ. ಎಲ್ಲ ಬಿಚ್ಚಿ, ಜೇಬಿನ ಒಳಗೆ ಹಾಕುವ ತೆಳು ಬಟ್ಟೆಯಲ್ಲಿ ಹತ್ತಿ ತುಂಬಿ ಮತ್ತೆ ಹೊಲಿದೆವು.

ಆ ದಿನ ಬಂತು. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡು ಕಿಸಿಕಿಸಿ ನಗುತ್ತ ಕೂತರು. ಶಿವಲಕ್ಷ್ಮಿ ಮಾತ್ರ ನಮಗೆ ಬೆನ್ನು ಮಾಡಿ ಪ್ಯಾಂಟು ನೋಡುತ್ತ ನಿಂತಳು. ನನಗೆ ಸಿಟ್ಟು ನೆತ್ತಿಗೇರಿತು. ನಾಲ್ಕನ್ನೂ ತಂದು ಆಕೆಯ ಟೇಬಲ್ಲಿನ ಮೇಲೆ ಕುಕ್ಕಿದೆ.

"ಈ ಮಾಲು ಪಾಸೋ ಫೇಲೋ ನೋಡಕ್ಕಾ."

ದುರುಗುಟ್ಟಿ ನೋಡಿದಳು. ಆದರೆ ಮುಂದೆ ಮಾಲು ಬಿದ್ದಮೇಲೆ ಆಕೆಯ ಕೈ ಕೇಳಬೇಕಲ್ಲ! ಮೂರು ಬೆರಳು ಜೋಡಿಸಿ, ಸುತ್ತಲೂ, ಕಂಕುಳಿನವರೆಗೂ ಹೇಗೆ ನೋಡಬೇಕೆಂದು ವನಿತಾ ಮೇಡಂ ಹೇಳುತ್ತ ಹೋದರು; ಶಿವಲಕ್ಷ್ಮಿಯ ಬೆರಳು ಹಾಗೇ ಆಡುತ್ತ ಹೋಯಿತು.

"ಇಲ್ಲೊಂದು." ಬಾಣ. "ಇಲ್ಲೊಂದು." ಬಾಣ. ಮೂರನೆಯದರಲ್ಲಿ ಸಣ್ಣ ಅಂಗಿಗುಂಡಿ ಇಟ್ಟಿದ್ದೆ, ಅದೂ ಸಿಕ್ಕಿತು. ನಾಲ್ಕನೆಯದರಲ್ಲಿ ಏನೂ ಇಟ್ಟಿರಲಿಲ್ಲ. "ಪಾಸ್" ಎಂದಳು. ಹೆಂಗಸರು ಚಪ್ಪಾಳೆ ಹೊಡೆದರು.

ಮೇಡಂ ಹೇಳಿದರು: "ಎಲ್ಲಾ ಗಂಟೂ ಕ್ಯಾನ್ಸರ್ ಅಲ್ರಿ. ಅದ ಆಗಿದ್ರೂ ಬೇಗ ತೋರ್ಸಿದ್ರ ಗುಣ ಆಗೋದು ಭಾಳ. ಮುಟ್ಟಿದ್ರ ಅಂಟಂಗಿಲ್ಲ."

ಶಿವಲಕ್ಷ್ಮಿಯ ಕೈ ನಿಂತಿತು. "ಆಕಿ ಮನ್ಯಾಗ ನೀರು ಕುಡಿದ್ರೂ ಅಂಟಂಗಿಲ್ಲೇನ್ರಿ?"

"ಇಲ್ರೀ ಅಕ್ಕಾ."

ಒಂದು ಬಾಣದ ಸ್ಟಿಕ್ಕರ್ ಬಿಡಿಸಿದಳು. ಸೆರಗು ಸರಿಸಿ ತನ್ನ ರವಿಕೆಯ ಎಡಗಡೆಗೆ ಅಂಟಿಸಿಕೊಂಡಳು.

"ಇಲ್ಲೈತ್ರಿ."

ಕಿಸಿಕಿಸಿ ನಿಂತುಹೋಯಿತು. ನನಗೆ ಸಿಟ್ಟೆಲ್ಲ ಇಳಿದು ಅಳು ಬಂತು. ಆಗ ಎರ್ರಮ್ಮ ಎದ್ದಳು. ಸ್ವಂತ ಅಕ್ಕನ ಮನೆಯಲ್ಲೂ ಬೇರೆಯವರ ಲೋಟ ಮುಟ್ಟದ, ಎಲ್ಲಿ ಹೋದರೂ ತನ್ನದೇ ಚೊಂಬು ಒಯ್ಯುವ ಎಂಜಲಿನ ಹುಚ್ಚಿ ಅವಳು. ಶಿವಲಕ್ಷ್ಮಿಯ ನೀರಿನ ಬಾಟಲಿ ತೆಗೆದು, ಮೇಲೆತ್ತಿ ಸುರಿದುಕೊಳ್ಳದೆ, ಬಾಯಿಗೆ ಕಚ್ಚಿಕೊಂಡೇ ಗಟಗಟ ಕುಡಿದು ತುಟಿ ಒರೆಸಿಕೊಂಡಳು.

"ನಾಳೆ ಬಳ್ಳಾರಿಗೆ ಯಾವ ಬಸ್ಸಿಗೆ ಹೋಗೋಣು? ನಾನೂ ಬರ್ತೀನಿ."

ಶಿವಲಕ್ಷ್ಮಿ ಅವಳನ್ನೂ ಬಾಟಲಿಯನ್ನೂ ನೋಡಿದಳು. ಕಣ್ಣು ತುಂಬಿತ್ತು.

"ಎಲ್ಲಾ ಖಾಲಿ ಮಾಡಿದೆಲ್ಲೇ, ಎರ್ರಿ! ನನಗಿಷ್ಟು ಉಳಸಬಾರ್ದಾ?" ಎಂದು ಬೈದು, ತಳದಲ್ಲಿದ್ದ ಒಂದು ಗುಟುಕನ್ನು ತಾನೂ ಕಚ್ಚಿಯೇ ಕುಡಿದಳು.