ಗೌನಿನ ನೆರಿಗೆ

ಸದಾಶಿವ ಪೇಠದ ತನ್ನ ಫ್ಲ್ಯಾಟಿನಲ್ಲೇ ಮಾಧುರಿ ಹಳೆಯ ಕಾಲದ ದುಬಾರಿ ಉಡುಪುಗಳನ್ನು ರಿಪೇರಿ ಮಾಡುತ್ತಾಳೆ. ಈ ಸಲ ಬಂದದ್ದು ಗಿರಾಕಿ ಮೃಣಾಲತಾಯಿಯ ಅಜ್ಜಿಯ ರೇಷ್ಮೆ ಗೌನು. ಪುರಾತನ ಗ್ರೀಕರ ಶಿಲ್ಪಗಳ ಉಡುಗೆ ನೋಡಿ ಪ್ಯಾರಿಸ್ಸಿನಲ್ಲಿ ಹೊಲಿದದ್ದು. ಮೈತುಂಬ ಸಣ್ಣ ಸಣ್ಣ ನೆರಿಗೆ. ಅವು ಉಳಿಯಬೇಕೆಂದರೆ ಗೌನನ್ನು ಹಿಂಡಿದ ಬಟ್ಟೆಯ ಹಾಗೆ ತಿರುಚಿ ಡಬ್ಬಿಯಲ್ಲಿಡಬೇಕು. ಈ ಕೆಲಸ ಮೆಚ್ಚುಗೆಯಾದರೆ ಅಜ್ಜಿಯ ಪೆಟ್ಟಿಗೆಯಲ್ಲಿರುವುದೆಲ್ಲ ಮಾಧುರಿಯ ಕೈಗೆ ಬರುವುದಿತ್ತು.

ಉದುರಿದ ಮಣಿಗಳನ್ನು ಹೊಲಿದು, ಗೌನು ತಿರುಚಿಟ್ಟು ಅವಳು ಪೇಟೆಗೆ ಹೋದಳು. ಅತ್ತೆ ಭೀಮವ್ವ ಡಬ್ಬಿ ತೆರೆದು ನೋಡಿದರು. ಅವರ ಮನೆತನದಲ್ಲಿ ಇನ್ನೊಬ್ಬರ ಬಟ್ಟೆಯನ್ನು ಮಡಿಕೆ ಮಾಡಿ, ಮೇಲೆ ಎಲೆ ಅಡಿಕೆ ಇಟ್ಟೇ ತಿರುಗಿ ಕೊಡುವುದು. ಹೀಗೆ ಮುದ್ದೆ ಮಾಡಿ ಕೊಟ್ಟರೆ ಜನ ಏನೆಂದಾರು?

ಸೊಸೆ ಬರುವಷ್ಟರಲ್ಲಿ ಗೌನು ಹಪ್ಪಳದಂತೆ ಚಪ್ಪಟೆಯಾಗಿತ್ತು. ಮೇಲೆ ಎಲೆ, ಅಡಿಕೆ.

“ದುಡದು ದಣದಿರ್ತಿ. ಇಷ್ಟರ ಮಾಡೂಣು ಅಂತ ಇಸ್ತ್ರಿ ಹೊಡದೆ ನೋಡವ್ವ,” ಎಂದು ಭೀಮವ್ವ ಹಿಗ್ಗಿನಿಂದ ಚಹಾ ಇಡಲು ಹೋದರು. ಅಷ್ಟರಲ್ಲೇ ಬಾಗಿಲಲ್ಲಿ ಮೃಣಾಲತಾಯಿ.

“ಯಾರು ಮಾಡಿದ್ದು ಇದನ್ನ?” ಎಂದರು ಅವರು ಮರಾಠಿಯಲ್ಲಿ.

ಅತ್ತೆಗೆ ಹೇಳಿ ಹೋಗದಿದ್ದದ್ದು ನನ್ನದೇ ತಪ್ಪು ಎಂದು ಮಾಧುರಿ ಅನ್ನಬಹುದಿತ್ತು. ಎಲುಬಿಲ್ಲದ ನಾಲಿಗೆ ಹೊರಳಿಬಿಟ್ಟಿತು. “ನಮ್ಮ ಕೆಲಸದಾಕಿರಿ. ಏನೂ ತಿಳಿಯಂಗಿಲ್ಲ ಆಕಿಗೆ. ಇವತ್ತ ಕೆಲಸಾ ಬಿಡಸ್ತೇನಿ,” ಎಂದು ಮರಾಠಿಯಲ್ಲೇ ಒದರಿದಳು.

ಒಳಗೆ ಚಹಾ ಸೋಸುವ ಸದ್ದು ನಿಂತಿತು. ಅತ್ತೆಗೆ ಮರಾಠಿ ಬಾರದೆಂದು ಮಾಧುರಿಯ ಧೈರ್ಯ. ಮೆಂತ್ಯದ ಸೂಡಿಗಾಗಿ ಅವರು ದಿನಾ ಕಾಯಿಪಲ್ಲೆಯವನೊಂದಿಗೆ ಮರಾಠಿಯಲ್ಲೇ ಜಗಳಾಡುವುದನ್ನು ಕೇಳುವ ಪುರುಸೊತ್ತು ಸೊಸೆಗೆಲ್ಲಿತ್ತು!

ಭೀಮವ್ವ ಚಹಾ ತಂದಿಟ್ಟರು. ಮನೆಗೆ ಬಂದ ಹೆಣ್ಣುಮಕ್ಕಳಿಗೆ ಹಿರಿಯಳಾಗಿ ಕುಂಕುಮ ಹಚ್ಚುವುದು ಯಾವಾಗಲೂ ಅವರೇ. ಈ ದಿನ ಕುಂಕುಮದ ಭರಣಿಯನ್ನು ಸೊಸೆಯ ಕೈಗೆ ಕೊಟ್ಟು, ಹಿಂದೆ ಸರಿದು ಗೋಡೆಯ ಬದಿಗೆ ನಿಂತರು.

“ತಪ್ಪಾತ್ರಿ ಬಾಯಿಸಾಹೇಬ್ರ,” ಎಂದರು ಮೃಣಾಲತಾಯಿಗೆ, ಚೊಕ್ಕ ಮರಾಠಿಯಲ್ಲಿ. “ನಮ್ಮ ಮಾಲಕಿಗೆ ಏನೂ ಅನಬ್ಯಾಡ್ರಿ. ಭಾಳ ಚಲೋ ಅದಾರ.”

ಇವರು ನಮ್ಮತ್ತೆ ಎಂದು ಈಗಲಾದರೂ ಹೇಳಬೇಕಿತ್ತು. ಮಾಧುರಿ ಬಾಯಿ ತೆರೆದಳು, ಅಜ್ಜಿಯ ಪೆಟ್ಟಿಗೆ ನೆನಪಾಯಿತು, ಬಾಯಿ ಮುಚ್ಚಿದಳು. ಭರಣಿಯ ಮುಚ್ಚಳ ತೆಗೆಯಲು ಕೈ ಬರಲಿಲ್ಲ.

ಮೃಣಾಲತಾಯಿಯ ಸಿಟ್ಟು ಇಳಿಯಿತು. “ಪಾಪ, ವಯಸ್ಸಾದಾಕಿ. ಕೆಲಸ ಬಿಡಿಸಬೇಡ,” ಎಂದರು.

“ಹೂಂ,” ಎಂದಳು ಮಾಧುರಿ.

ಭೀಮವ್ವ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು.